ಮಿಂಟ್ ತೆಗೆದ ಮೇಲೆ ಗ್ರಬ್> ಅಂತ ಬಂದು ನಿಂತಿದೆ, ಉಬುಂಟು ಬೂಟ್ ಆಗ್ತಿಲ್ಲ

ಶಿರಾಗೇಟ್_ವಾಸಿ:

ಎಲ್ಲರಿಗೂ ನಮಸ್ಕಾರ. ತಮ್ಮನ ಲ್ಯಾಪ್‌ಟಾಪ್, ಇಲ್ಲೇ ತುಮಕೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ. ವಿಂಡೋಸ್ 11 ಮತ್ತು ಉಬುಂಟು 24.04 ಇದ್ದವು. ಆಮೇಲೆ ಲಿನಕ್ಸ್ ಮಿಂಟ್ 22 ಕೂಡ ಹಾಕಿದ್ದ. ಮಿಂಟ್ ಈಗ ಬೇಡ ಅಂತ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ 60 ಜಿಬಿ ಪಾರ್ಟಿಷನ್ ಮತ್ತು ಪಕ್ಕದ 8 ಜಿಬಿ ಪಾರ್ಟಿಷನ್ ಎರಡನ್ನೂ ಡಿಲೀಟ್ ಮಾಡಿ, ಆ ಜಾಗ ಡಿ ಡ್ರೈವ್‌ಗೆ ಸೇರಿಸಿದ್ದಾನೆ.

ಆಗಿನಿಂದ ಆನ್ ಮಾಡಿದ ಕೂಡಲೇ ಕಪ್ಪು ಪರದೆ. ಮೇಲೆ "ಜಿಎನ್‌ಯು ಗ್ರಬ್ ವರ್ಷನ್ 2.12", ಅದರ ಕೆಳಗೆ "ಮಿನಿಮಲ್ ಬ್ಯಾಷ್-ಲೈಕ್ ಲೈನ್ ಎಡಿಟಿಂಗ್ ಈಸ್ ಸಪೋರ್ಟೆಡ್" ಅಂತ ಒಂದು ಪ್ಯಾರಾ, ಆಮೇಲೆ ಗ್ರಬ್> ಅಂತ ಬಂದು ಕರ್ಸರ್ ಮಿನುಗ್ತಾ ಇರುತ್ತೆ. ಬೂಟ್ ಮೆನು ಕೀ ಒತ್ತಿ "ವಿಂಡೋಸ್ ಬೂಟ್ ಮ್ಯಾನೇಜರ್" ಆರಿಸಿದರೆ ವಿಂಡೋಸ್ ಸರಿಯಾಗಿ ಬರುತ್ತೆ.

ಹಳೇ ಮಿಂಟ್ 20ರ ಪೆನ್‌ಡ್ರೈವ್ ಇತ್ತು. ಅದರಿಂದ ಬೂಟ್ ಮಾಡೋಕೆ ಹೋದರೆ "ವೆರಿಫೈಯಿಂಗ್ ಶಿಮ್ ಎಸ್‌ಬಿಎಟಿ ಡೇಟಾ ಫೇಲ್ಡ್: ಸೆಕ್ಯುರಿಟಿ ಪಾಲಿಸಿ ವಯೊಲೇಷನ್" ಅಂತ ಬಂದು ಯಂತ್ರವೇ ಆಫ್ ಆಗುತ್ತೆ.

512 ಜಿಬಿ ಎನ್‌ವಿಎಂಇ ಡಿಸ್ಕ್. ಮೊದಲು ಹೀಗಿತ್ತು:

1 – ಇಎಫ್‌ಐ, 260 ಎಂಬಿ
2 – 16 ಎಂಬಿ, ಏನೋ ಗೊತ್ತಿಲ್ಲ
3 – ಸಿ ಡ್ರೈವ್, 200 ಜಿಬಿ
4 – ರಿಕವರಿ, 1 ಜಿಬಿ
5 – ಉಬುಂಟು, 100 ಜಿಬಿ
6 – ಡಿ ಡ್ರೈವ್, 100 ಜಿಬಿ
7 – ಮಿಂಟ್, 60 ಜಿಬಿ (ಈಗಿಲ್ಲ)
8 – 8 ಜಿಬಿ (ಈಗಿಲ್ಲ)

ಅಂಗಡಿಯವರು ನೋಡಿ, ಎರಡೂ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು ಅಂದರು. ಉಬುಂಟು ಒಳಗೆ ಕೊನೇ ವರ್ಷದ ಪ್ರಾಜೆಕ್ಟ್ ಇದೆ, ಬ್ಯಾಕಪ್ ಇಲ್ಲ. ಫಾರ್ಮ್ಯಾಟ್ ಇಲ್ಲದೆ ದಾರಿ ಇದೆಯಾ? ಮಿಂಟ್‌ನಲ್ಲಿದ್ದದ್ದು ಏನೂ ಬೇಡ.

ಕ್ಯಾತ್ಸಂದ್ರ_ಲಿನಕ್ಸ್:

ಫಾರ್ಮ್ಯಾಟ್ ಬೇಡವೇ ಬೇಡ. ಐದನೇ ಪಾರ್ಟಿಷನ್ ಮುಟ್ಟಿಲ್ಲ ಅಂದ ಮೇಲೆ ಪ್ರಾಜೆಕ್ಟ್ ಅಲ್ಲೇ ಇದೆ. ದಾರಿ ತೋರಿಸೋ ಒಂದು ಸಣ್ಣ ಫೈಲ್ ಮಾತ್ರ ತಪ್ಪು ಜಾಗ ತೋರಿಸ್ತಿದೆ.

ಏನಾಗಿದೆ ಅಂದರೆ: ಪವರ್ ಒತ್ತಿದ ಮೇಲೆ ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲೇ ಇರೋ ಪ್ರೋಗ್ರಾಂ, ಬಯಾಸ್ ಅಂತಾರಲ್ಲ ಅದೇ) ತನ್ನ ಬೂಟ್ ಪಟ್ಟಿ ನೋಡಿ, ಆ 260 ಎಂಬಿ ಇಎಫ್‌ಐ ಪಾರ್ಟಿಷನ್‌ನ "ಉಬುಂಟು" ಫೋಲ್ಡರ್‌ನಿಂದ ಶಿಮ್ ಅನ್ನೋ ಫೈಲ್ ಎತ್ತಿಕೊಳ್ಳುತ್ತೆ. ಶಿಮ್, ಯಾವ ಸಿಸ್ಟಮ್ ಬೇಕು ಅಂತ ಮೆನು ತೋರಿಸಿ ಅದನ್ನ ಎತ್ತೋ ಗ್ರಬ್‌ನ ಸಹಿ ಪರೀಕ್ಷಿಸಿ ಅದನ್ನ ಶುರು ಮಾಡುತ್ತೆ. ಗ್ರಬ್ ಅದೇ ಫೋಲ್ಡರ್‌ನಲ್ಲಿರೋ ಗ್ರಬ್.ಸಿಎಫ್‌ಜಿ ಓದುತ್ತೆ. ಅದು ಮೂರೇ ಸಾಲು, ವಿಳಾಸ ಬರೆದ ಚೀಟಿ ಇದ್ದ ಹಾಗೆ: ಇಂಥ ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಇರೋ ಪಾರ್ಟಿಷನ್ ಹುಡುಕು, ಅಲ್ಲಿ ಬೂಟ್ ಫೋಲ್ಡರ್ ಒಳಗೆ ನಿಜವಾದ ಮೆನು ಇದೆ ಅಂತ.

ಮಿಂಟ್ 22 ಉಬುಂಟು 24.04ರ ಮೇಲೆ ಕಟ್ಟಿದ್ದು. ಅದು ಇಎಫ್‌ಐ ಪಾರ್ಟಿಷನ್‌ನಲ್ಲಿ "ಮಿಂಟ್" ಅಂತ ಬೇರೆ ಫೋಲ್ಡರ್ ಮಾಡಲ್ಲ, "ಉಬುಂಟು" ಅನ್ನೋ ಫೋಲ್ಡರ್‌ಗೇ ಬರೆಯುತ್ತೆ. ಅಂದರೆ ಮಿಂಟ್ ಹಾಕಿದ ದಿನವೇ ಆ ಚೀಟಿಯಲ್ಲಿ ಮಿಂಟ್‌ನ ಯುಯುಐಡಿ ಬಂದು ಕೂತಿತ್ತು. ಅವತ್ತಿಂದ ಉಬುಂಟು ಬರ್ತಾ ಇದ್ದದ್ದು ಮಿಂಟ್‌ನ ಮೆನು ಮೂಲಕ. ಈಗ ಮಿಂಟ್ ಇಲ್ಲ, ಗ್ರಬ್‌ಗೆ ಮೆನು ಸಿಗ್ತಿಲ್ಲ.

ಪರದೆ ಮೇಲೆ ಗ್ರಬ್> ಇದೆಯೋ, ಗ್ರಬ್ ರೆಸ್ಕ್ಯೂ> ಇದೆಯೋ ಅನ್ನೋದು ಮುಖ್ಯ. ರೆಸ್ಕ್ಯೂ ಅಂತ ಇದ್ದರೆ ಗ್ರಬ್‌ಗೆ ತನ್ನ ಮಾಡ್ಯೂಲ್‌ಗಳೇ ಸಿಕ್ಕಿಲ್ಲ ಅಂತ ಅರ್ಥ. ಆಗ ಪ್ರಿಫಿಕ್ಸ್ ಕೊಟ್ಟು, ಇನ್ಸ್‌ಮಾಡ್ ನಾರ್ಮಲ್ ಹೊಡೆದು ಸ್ವಲ್ಪ ಗುದ್ದಾಡಬೇಕು. ಅಂತರ್ಜಾಲದಲ್ಲಿ ಸಿಗೋ ಬಹುಪಾಲು ಉತ್ತರ ಅದಕ್ಕೇ ಬರೆದದ್ದು. ನಿಮ್ಮದು ಬರೀ ಗ್ರಬ್>. ಎಲ್ಲಾ ಮಾಡ್ಯೂಲ್ ಇದೆ, ಮೆನು ಫೈಲ್ ಎಲ್ಲಿದೆ ಅಂತ ನೀವು ಹೇಳಿದರೆ ಸಾಕು. ಪೆನ್‌ಡ್ರೈವ್ ಸದ್ಯಕ್ಕೆ ಬೇಡ, ಹಾಕಿದ್ದರೆ ಕಿತ್ತಿಡಿ. ಅದು ಇದ್ದರೆ ಡಿಸ್ಕ್ ನಂಬರ್ ಎಚ್‌ಡಿ0 ಹೋಗಿ ಎಚ್‌ಡಿ1 ಆಗಬಹುದು.

ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೀತಿದ್ದೀನಿ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳ್ತೀನಿ.

ಮೊದಲು:

ಎಲ್‌ಎಸ್

ಇದಕ್ಕೆ (ಎಚ್‌ಡಿ0,ಜಿಪಿಟಿ1), (ಎಚ್‌ಡಿ0,ಜಿಪಿಟಿ3) ಅಂತ ಪಟ್ಟಿ ಬರುತ್ತೆ. ನಿಮ್ಮ ಉಬುಂಟು 5ನೇದು, ಹಾಗಾಗಿ:

ಎಲ್‌ಎಸ್ (ಎಚ್‌ಡಿ0,ಜಿಪಿಟಿ5)/

ಕೊನೇ ಸ್ಲ್ಯಾಷ್ ಬಿಡಬೇಡಿ. ಅದಿಲ್ಲದಿದ್ದರೆ ಒಳಗಿನ ಫೋಲ್ಡರ್ ತೋರಿಸಲ್ಲ, ಫೈಲ್‌ಸಿಸ್ಟಮ್ ಯಾವುದು ಅಂತಷ್ಟೇ ಹೇಳುತ್ತೆ. ಬೂಟ್, ಇಟಿಸಿ, ಹೋಮ್, ಯುಎಸ್‌ಆರ್ ಇವೆಲ್ಲ ಕಂಡರೆ ಅದೇ ಉಬುಂಟು. ಬೇರೆ ನಂಬರ್ ಕೊಟ್ಟಾಗ "ಅನ್‌ನೋನ್ ಫೈಲ್‌ಸಿಸ್ಟಮ್" ಅಂದರೆ ಗಾಬರಿ ಆಗಬೇಡಿ, ಆ 16 ಎಂಬಿಯದಕ್ಕೆ ಹಾಗೇ ಬರೋದು. ಅದು ವಿಂಡೋಸ್ ತನಗೆ ಅಂತ ಕಾಯ್ದಿಟ್ಟ ಜಾಗ, ಒಳಗೆ ಏನೂ ಇರಲ್ಲ.

ಆಮೇಲೆ:

ಕಾನ್ಫಿಗ್‌ಫೈಲ್ (ಎಚ್‌ಡಿ0,ಜಿಪಿಟಿ5)/ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ

"ಕಾನ್ಫಿಗ್‌ಫೈಲ್" ಒಂದೇ ಪದ, ನಡುವೆ ಜಾಗ ಇಲ್ಲ. ಎಂಟರ್ ಒತ್ತಿದ ಕೂಡಲೇ ಉಬುಂಟುವಿನ ಮೆನು ಬರಬೇಕು. ಬರಲಿಲ್ಲ ಅಂದರೆ ಕೈಯಲ್ಲೇ ಕರ್ನಲ್ ಎತ್ತಬಹುದು:

ಸೆಟ್ ರೂಟ್=(ಎಚ್‌ಡಿ0,ಜಿಪಿಟಿ5)
ಲಿನಕ್ಸ್ /ಬೂಟ್/ವಿಎಂಲಿನಝ್ ರೂಟ್=/ಡೆವ್/ಎನ್‌ವಿಎಂಇ0ಎನ್1ಪಿ5 ಆರ್‌ಒ
ಇನಿಟ್‌ಆರ್‌ಡಿ /ಬೂಟ್/ಇನಿಟ್‌ಆರ್‌ಡಿ.ಐಎಂಜಿ
ಬೂಟ್

ಟ್ಯಾಬ್ ಒತ್ತಿದರೆ ಫೈಲ್ ಹೆಸರು ತಾನೇ ತುಂಬಿಕೊಳ್ಳುತ್ತೆ, ಬಳಸಿ. ವಿಎಂಲಿನಝ್ ಕೊನೇ ಅಕ್ಷರ ಝಡ್, ಎಕ್ಸ್ ಅಲ್ಲ. ಅಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳೋದು.

ಇದು ಒಂದು ಸಲಕ್ಕೆ ಮಾತ್ರ. ಉಬುಂಟು ಒಳಗೆ ಹೋದ ಮೇಲೆ ಶಾಶ್ವತ ಮಾಡಬೇಕು, ಇಲ್ಲದಿದ್ದರೆ ಮುಂದಿನ ಸಲ ಆನ್ ಮಾಡಿದಾಗ ಮತ್ತೆ ಗ್ರಬ್>. ಟರ್ಮಿನಲ್ ತೆಗೆದು:

ಸುಡೋ ಗ್ರಬ್-ಇನ್‌ಸ್ಟಾಲ್
ಸುಡೋ ಅಪ್‌ಡೇಟ್-ಗ್ರಬ್

ಮೊದಲನೇದು ಚೀಟಿಯಲ್ಲಿ ಉಬುಂಟುವಿನ ಯುಯುಐಡಿ ಬರೆಯುತ್ತೆ. "ಇನ್‌ಸ್ಟಾಲೇಷನ್ ಫಿನಿಶ್ಡ್. ನೋ ಎರರ್ ರಿಪೋರ್ಟೆಡ್" ಅಂತ ಬರಬೇಕು. ನಂಬಿಕೆ ಸಾಲದಿದ್ದರೆ ಕಣ್ಣಾರೆ ನೋಡಿ:

ಸುಡೋ ಕ್ಯಾಟ್ /ಬೂಟ್/ಇಎಫ್‌ಐ/ಇಎಫ್‌ಐ/ಉಬುಂಟು/ಗ್ರಬ್.ಸಿಎಫ್‌ಜಿ
ಎಲ್‌ಎಸ್‌ಬಿಎಲ್‌ಕೆ -ಎಫ್

ದಾರಿಯಲ್ಲಿರೋ ಎರಡನೇ ಇಎಫ್‌ಐ ಮಾತ್ರ ದೊಡ್ಡಕ್ಷರ. ಮೊದಲ ಸಾಲಿನ ಯುಯುಐಡಿ, ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ಪಿ5ರ ಮುಂದಿರೋದು, ಎರಡೂ ಒಂದೇ ಆಗಿದ್ದರೆ ಮುಗೀತು.

ಮಧುಗಿರಿ_ಏಕಶಿಲೆ:

ಮೇಲಿನ ಉತ್ತರ ಸರಿಯಾಗಿದೆ. ಪೆನ್‌ಡ್ರೈವ್ ಬಗ್ಗೆ ಮತ್ತು ಮುಖ್ಯವಾಗಿ ಬಿಟ್‌ಲಾಕರ್ (ವಿಂಡೋಸ್ ಡ್ರೈವ್‌ಗೆ ಬೀಗ ಹಾಕುವ ಎನ್‌ಕ್ರಿಪ್ಷನ್) ಬಗ್ಗೆ ಸೇರಿಸುತ್ತೇನೆ.

ಎಸ್‌ಬಿಎಟಿ ಸಾಲು ಬೇರೆ ವಿಷಯ, ನಿಮ್ಮ ಗ್ರಬ್ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಹಳೆಯ ಶಿಮ್ ಮತ್ತು ಗ್ರಬ್‌ಗಳಲ್ಲಿ ಭದ್ರತಾ ದೋಷ ಇದ್ದ ಕಾರಣ, ಇಂತಿಷ್ಟು ಹಂತಕ್ಕಿಂತ ಹಳೆಯದನ್ನು ಬಿಡಬೇಡ ಎಂಬ ಸೂಚನೆ ಫರ್ಮ್‌ವೇರ್‌ನ ನೆನಪಿನಲ್ಲಿ ಕೂರುತ್ತದೆ. ಅದನ್ನೇ ಎಸ್‌ಬಿಎಟಿ ಎನ್ನುವುದು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಈ ಮಟ್ಟವನ್ನು ಏರಿಸಿದಾಗ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ನಿಂತುಹೋಗಿತ್ತು; 2025ರ ಮೇ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಹೊಸ ಶಿಮ್ ಕೂಡ ಈ ಮಟ್ಟ ಏರಿಸಬಲ್ಲದು. ಯಾರು ಏರಿಸಿದ್ದರೂ ಮಿಂಟ್ 20ರ ಪೆನ್‌ಡ್ರೈವ್ ಇನ್ನು ಈ ಯಂತ್ರದಲ್ಲಿ ಸೆಕ್ಯೂರ್ ಬೂಟ್ (ಸಹಿ ಸರಿಯಿಲ್ಲದ ಬೂಟ್ ಫೈಲ್ ತಡೆಯುವ ವ್ಯವಸ್ಥೆ) ಆನ್ ಇರುವವರೆಗೆ ನಡೆಯುವುದಿಲ್ಲ. ಲೈವ್ ಪೆನ್‌ಡ್ರೈವ್ ಬೇಕೇ ಆದರೆ 24.04ರ ಇತ್ತೀಚಿನ ಐಎಸ್‌ಒ ಇಳಿಸಿ. 8 ಜಿಬಿ ಪೆನ್‌ಡ್ರೈವ್ ಸಾಕು. ರೂಫಸ್‌ನಲ್ಲಿ (ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಇಳಿಸುವ ವಿಂಡೋಸ್ ಪ್ರೋಗ್ರಾಂ) ಬರೆಯುವಾಗ ಪಾರ್ಟಿಷನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ ಇರಲಿ.

ಈಗ ಎಚ್ಚರಿಕೆ. ಈ ಎಸ್‌ಬಿಎಟಿ ಸಾಲು ನೋಡಿ ಯಾರಾದರೂ "ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ" ಎನ್ನುತ್ತಾರೆ. ಸಿ ಡ್ರೈವ್‌ಗೆ ಬಿಟ್‌ಲಾಕರ್ ಇದೆಯೇ ಎಂದು ನೋಡುವ ಮೊದಲು ಹಾಗೆ ಮಾಡಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಡಿವೈಸ್ ಎನ್‌ಕ್ರಿಪ್ಷನ್ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಆನ್ ಆಗುತ್ತದೆ; ಬಳಸುವವರಿಗೆ ಗೊತ್ತೂ ಇರುವುದಿಲ್ಲ. ಸೆಕ್ಯೂರ್ ಬೂಟ್ ಸ್ಥಿತಿ ಬದಲಾದರೆ ಟಿಪಿಎಂ (ಕೀಲಿ ಕಾಯುವ ಭದ್ರತಾ ಚಿಪ್) ಕೀಲಿ ಬಿಟ್ಟುಕೊಡುವುದಿಲ್ಲ, ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಸಿ ಡ್ರೈವ್ ಕತೆ ಮುಗಿಯಿತು.

ವಿಂಡೋಸ್ ಇನ್ನೂ ಬೂಟ್ ಆಗುತ್ತಿರುವಾಗಲೇ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು:

ಮ್ಯಾನೇಜ್-ಬಿಡಿಇ -ಸ್ಟೇಟಸ್

ಸಿ ಎದುರು "ಪ್ರೊಟೆಕ್ಷನ್ ಆನ್" ಇದ್ದರೆ ಮೊದಲು ಮೈಕ್ರೋಸಾಫ್ಟ್ ಖಾತೆಯ ಡಿವೈಸಸ್ ಪುಟದಲ್ಲಿ ರಿಕವರಿ ಕೀ ಹುಡುಕಿ, ಕಾಗದದ ಮೇಲೆ ಬರೆದುಕೊಳ್ಳಿ. ಫೋನಿನಲ್ಲಿ ಫೋಟೊ ತೆಗೆದರೂ ಆದೀತು, ಅದೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಉಳಿಸಬೇಡಿ. ಬಯಾಸ್ ಮುಟ್ಟಲೇಬೇಕಾದರೆ ತಾತ್ಕಾಲಿಕವಾಗಿ ನಿಲ್ಲಿಸಿ:

ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಡಿಸೇಬಲ್ ಸಿ: -ರೀಬೂಟ್‌ಕೌಂಟ್ 0

ಕೆಲಸ ಮುಗಿದ ಮೇಲೆ ಡಿಸೇಬಲ್ ಇದ್ದ ಜಾಗದಲ್ಲಿ ಎನೇಬಲ್ ಹಾಕಿ, ರೀಬೂಟ್‌ಕೌಂಟ್ ತೆಗೆದು ಮತ್ತೊಮ್ಮೆ ಹೊಡೆಯಿರಿ.

ನಿಮ್ಮ ತೊಂದರೆಗೆ ಸದ್ಯ ಬಯಾಸ್ ಮುಟ್ಟುವ ಅಗತ್ಯವೇ ಇಲ್ಲ. ಗ್ರಬ್> ತನಕ ಬರುತ್ತಿದೆ ಎಂದರೆ ಸೆಕ್ಯೂರ್ ಬೂಟ್ ದಾಟಿಯೇ ಬಂದಿದೆ.

ಶಿರಾಗೇಟ್_ವಾಸಿ:

ಇಬ್ಬರಿಗೂ ಧನ್ಯವಾದ ಸರ್. ಬಿಟ್‌ಲಾಕರ್ ಆನ್ ಇತ್ತು, ಕೀ ಖಾತೆಯಲ್ಲಿ ಸಿಕ್ಕಿತು, ಬರೆದಿಟ್ಟಿದ್ದೇವೆ. ಬಯಾಸ್ ಮುಟ್ಟಿಲ್ಲ.

ಕಾನ್ಫಿಗ್‌ಫೈಲ್ ಕೊಟ್ಟ ಮೇಲೆ ಉಬುಂಟು ಮೆನು ಬಂತು. ಆರಿಸಿದರೆ ಮೊದಲು ಅರ್ಧ ನಿಮಿಷದಷ್ಟು ಕಾದು "ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್" ಅಂತ ಬಂತು. ಆಮೇಲೆ "ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್" ಅಂತ 1 ನಿಮಿಷ 30 ಸೆಕೆಂಡ್ ಓಡಿತು. ಕೊನೆಗೆ "ಯು ಆರ್ ಇನ್ ಎಮರ್ಜೆನ್ಸಿ ಮೋಡ್", ಎಂಟರ್ ಒತ್ತಿ ಅಂತ ನಿಂತಿದೆ. ನಡುನಡುವೆ ಕೆಲವು ಸಾಲು ಬರೀ ಚೌಕ ಚೌಕ. ಲಾಗಿನ್ ಪರದೆ ಬರ್ತಾ ಇಲ್ಲ. ಪವರ್ ಆಫ್ ಮಾಡದೆ ಹಾಗೇ ಬಿಟ್ಟಿದ್ದೇವೆ.

ಕ್ಯಾತ್ಸಂದ್ರ_ಲಿನಕ್ಸ್:

ಆಫ್ ಮಾಡದೆ ಬಿಟ್ಟದ್ದು ಒಳ್ಳೇದಾಯ್ತು. ಚಾರ್ಜರ್ ಹಾಕಿರಿ. ಮುಂದೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಕರ್ನಲ್ ಬಳಸೋ ಪುಟ್ಟ ಫೈಲ್‌ಸಿಸ್ಟಮ್) ಮತ್ತೆ ಕಟ್ಟೋದಿದೆ. ಅರ್ಧಕ್ಕೆ ಬ್ಯಾಟರಿ ಸತ್ತರೆ ಕರ್ನಲ್ ಪ್ಯಾನಿಕ್ ಅನ್ನೋ ಹೊಸ ತಲೆನೋವು ಶುರುವಾಗುತ್ತೆ.

ನೀವು ಹೇಳಿದ ಮೂರರಲ್ಲಿ ಮೊದಲ ಎರಡಕ್ಕೆ ಮೂಲ ಆ ಡಿಲೀಟ್. 8 ಜಿಬಿಯದು ಉಬುಂಟುವಿನ ಸ್ವಾಪ್, ಅಂದರೆ ರಾಮ್ ಸಾಲದಾಗ ಬಳಸೋ ಜಾಗ. ಅದು ಮಿಂಟ್‌ದು ಅಂತ ನಿಮ್ಮ ತಮ್ಮ ಅಂದುಕೊಂಡಿದ್ದಾನೆ, ಆದರೆ ಮಿಂಟ್ ಇನ್‌ಸ್ಟಾಲರ್ ಮೊದಲೇ ಇರೋ ಸ್ವಾಪ್ ಕಂಡರೆ ಅದನ್ನೇ ಹಂಚಿಕೊಳ್ಳುತ್ತೆ. ಮೊದಲ ಕಾಯುವಿಕೆ, ಹೈಬರ್ನೇಟ್ ಆಗಿತ್ತಾ ಅಂತ ನೋಡೋಕೆ ಇನಿಟ್‌ರಾಮ್‌ಎಫ್‌ಎಸ್ ಆ ಸ್ವಾಪ್ ಹುಡುಕಿದ್ದು. ಎರಡನೇದು, ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡ್ರೈವ್ ಎಲ್ಲಿ ಕೂಡಿಸಬೇಕು ಅನ್ನೋ ಪಟ್ಟಿ) ಬರೆದಿದೆ ಅಂತ ಸಿಸ್ಟಮ್‌ಡಿ (ಉಬುಂಟುವಿನ ಸೇವೆಗಳನ್ನ ಶುರು ಮಾಡೋ ಪ್ರೋಗ್ರಾಂ) ಅದನ್ನೇ ಮತ್ತೆ ಹುಡುಕಿದ್ದು. ಅದರ ಗಡುವು 90 ಸೆಕೆಂಡ್. ಈ ಎರಡರಿಂದ ನಿಧಾನ ಆಗುತ್ತೆ ಅಷ್ಟೇ, ಬೂಟ್ ನಿಲ್ಲಲ್ಲ. ಎಮರ್ಜೆನ್ಸಿ ಮೋಡ್‌ಗೆ ತಳ್ಳಿದ್ದು ಬೇರೆ ಸಾಲು, ಬಹುಶಃ ಡಿ ಡ್ರೈವ್‌ದು.

ಚೌಕ ಬಂದದ್ದು, ಸಿಸ್ಟಮ್ ಭಾಷೆ ಕನ್ನಡ ಇಟ್ಟಿದ್ದಾನೆ ಅನ್ಸುತ್ತೆ. ಆ ಕಪ್ಪು ಕನ್ಸೋಲ್‌ಗೆ ಕನ್ನಡ ಅಕ್ಷರ ಕೂಡಿಸಿ ತೋರಿಸೋಕೆ ಬರಲ್ಲ. ಎಂಟರ್ ಒತ್ತಿ, # ಗುರುತು ಬಂದ ಮೇಲೆ ಹೀಗೆ ಹೊಡೀರಿ, ಅಲ್ಲಿಂದ ಮುಂದೆ ಇಂಗ್ಲಿಷಲ್ಲಿ ಬರುತ್ತೆ:

ಎಕ್ಸ್‌ಪೋರ್ಟ್ ಎಲ್‌ಸಿ_ಎಎಲ್‌ಎಲ್=ಸಿ

ಇಲ್ಲಿ ಎಕ್ಸ್‌ಪೋರ್ಟ್ ಬಿಟ್ಟು ಉಳಿದದ್ದು ದೊಡ್ಡಕ್ಷರ. ಆಮೇಲೆ:

ಸಿಸ್ಟಮ್‌ಸಿಟಿಎಲ್ --ಫೇಲ್ಡ್

ಯಾವುದು ಕೆಂಪಗೆ ಬರುತ್ತೋ ಅದೇ ಆಸಾಮಿ. ಡಿ ಡ್ರೈವ್‌ನ ಮೌಂಟ್ ಹೆಸರೇ ಬಂದರೆ ಕಾರಣ ಹೇಳ್ತೀನಿ. ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಟ್ಟರೆ ಅದು ಪೂರ್ತಿ ಆಫ್ ಆಗಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಕರ್ನಲ್‌ನ ಸ್ಥಿತಿ ಡಿಸ್ಕ್‌ಗೆ ಬರೆದು ಮಲಗುತ್ತೆ, ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್‌ಸಿಸ್ಟಮ್) ಡ್ರೈವ್‌ಗಳು ಅರ್ಧ ತೆರೆದ ಸ್ಥಿತಿಯಲ್ಲೇ ಇರ್ತವೆ. ಲಿನಕ್ಸ್‌ನ ಎನ್‌ಟಿಎಫ್‌ಎಸ್3 ಡ್ರೈವರ್ ಅಂಥ ಡ್ರೈವ್ ಕಂಡರೆ "ವಾಲ್ಯೂಮ್ ಈಸ್ ಡರ್ಟಿ" ಅಂತ ಮೌಂಟ್ ಮಾಡೋದೇ ಇಲ್ಲ. ಎನ್‌ಟಿಎಫ್‌ಎಸ್-3ಜಿ ಆದರೆ ಓದೋಕೆ ಮಾತ್ರ ಬಿಡುತ್ತೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಇರೋ ಯಾವುದೇ ಡ್ರೈವ್ ಮೌಂಟ್ ಆಗದಿದ್ದರೆ, ಅದು ಹಾಡು ಸಿನಿಮಾ ಇಟ್ಟಿರೋ ಡಿ ಡ್ರೈವೇ ಆಗಿದ್ದರೂ, ಸಿಸ್ಟಮ್‌ಡಿ ಅದನ್ನ ಅತ್ಯಗತ್ಯ ಅಂತಲೇ ಲೆಕ್ಕಕ್ಕೆ ಹಿಡಿದು ಎಮರ್ಜೆನ್ಸಿಗೆ ಬೀಳುತ್ತೆ. ನೋಫೇಲ್ ಅನ್ನೋ ಪದ ಹಾಕಿದರೆ ಮಾತ್ರ ಸುಮ್ಮನಿರುತ್ತೆ. ಉಬುಂಟು ಪಕ್ಕ ವಿಂಡೋಸ್ ಇರೋ ಯಾವ ಯಂತ್ರದಲ್ಲೂ ನೋಫೇಲ್ ಇಲ್ಲದೆ ಎನ್‌ಟಿಎಫ್‌ಎಸ್ ಸಾಲು ಬರೀಬಾರದು ಅನ್ನೋದು ನನ್ನ ಹಟ.

ಅದೇ ಪರದೆಯಲ್ಲಿ:

ನ್ಯಾನೋ /ಇಟಿಸಿ/ಎಫ್‌ಎಸ್‌ಟ್ಯಾಬ್

ಸ್ವಾಪ್ ಅಂತ ಇರೋ ಸಾಲಿನ ಮೊದಲಿಗೆ # ಹಾಕಿ. ಡಿ ಡ್ರೈವ್ ಸಾಲಿನಲ್ಲಿ ಡಿಫಾಲ್ಟ್ಸ್ ಅಂತ ಇರೋದನ್ನ ಹೀಗೆ ಮಾಡಿ, ಅಲ್ಪವಿರಾಮದ ಆಚೀಚೆ ಜಾಗ ಬಿಡಬೇಡಿ:

ಡಿಫಾಲ್ಟ್ಸ್,ನೋಫೇಲ್

ಡಿ ಡ್ರೈವ್ ದೊಡ್ಡದು ಮಾಡಿದರೂ ಅದರ ಯುಯುಐಡಿ ಬದಲಾಗಲ್ಲ, ಆ ಸಂಖ್ಯೆ ಮುಟ್ಟಬೇಡಿ. ಕಂಟ್ರೋಲ್-ಓ, ಎಂಟರ್, ಕಂಟ್ರೋಲ್-ಎಕ್ಸ್. ಉಳಿಸೋಕೆ ಬಿಡಲ್ಲ ಅಂದರೆ "ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /" ಕೊಟ್ಟು ಮತ್ತೆ ನ್ಯಾನೋಗೆ ಹೋಗಿ. ಬರೆದದ್ದು ಸರಿ ಇದೆಯಾ ಅಂತ:

ಫೈಂಡ್‌ಎಂಎನ್‌ಟಿ --ವೆರಿಫೈ

ಈಗ ರೀಬೂಟ್ ಮಾಡಬೇಡಿ. ಮಾಡಿದರೆ ಮತ್ತೆ ಗ್ರಬ್>ಗೇ ಹೋಗ್ತೀರ. ಇಲ್ಲಿಂದಲೇ ಮುಂದಕ್ಕೆ ತಳ್ಳಿ:

ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್
ಸಿಸ್ಟಮ್‌ಸಿಟಿಎಲ್ ಡಿಫಾಲ್ಟ್

ಲಾಗಿನ್ ಪರದೆ ಬರುತ್ತೆ. ಒಳಗೆ ಹೋಗಿ ಮೊದಲ ಕೆಲಸ ಪ್ರಾಜೆಕ್ಟ್ ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಎರಡನೇದು ಮೇಲೆ ಹೇಳಿದ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್. ಮೂರನೇದು ಸ್ವಾಪ್. ಪಾರ್ಟಿಷನ್ ಬದಲು ಫೈಲ್ ಸಾಕು:

ಸುಡೋ ಫಾಲೊಕೇಟ್ -ಎಲ್ 4ಜಿ /ಸ್ವಾಪ್‌ಫೈಲ್
ಸುಡೋ ಸಿಎಚ್‌ಮಾಡ್ 600 /ಸ್ವಾಪ್‌ಫೈಲ್
ಸುಡೋ ಎಂಕೆಸ್ವಾಪ್ /ಸ್ವಾಪ್‌ಫೈಲ್
ಸುಡೋ ಸ್ವಾಪ್‌ಆನ್ /ಸ್ವಾಪ್‌ಫೈಲ್

4ರ ಪಕ್ಕದ ಜಿ ದೊಡ್ಡಕ್ಷರ. ಎಫ್‌ಎಸ್‌ಟ್ಯಾಬ್ ಕೊನೆಗೆ "/ಸ್ವಾಪ್‌ಫೈಲ್ ನನ್ ಸ್ವಾಪ್ ಎಸ್‌ಡಬ್ಲ್ಯೂ 0 0" ಸೇರಿಸಿ (ನನ್ ಅಂದರೆ ಎನ್-ಒ-ಎನ್-ಇ). ಆಮೇಲೆ ಆ ಅರ್ಧ ನಿಮಿಷದ ಕಾಯುವಿಕೆ: /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಕಾನ್ಫ್.ಡಿ/ರೆಸ್ಯೂಮ್ ಅನ್ನೋ ಫೈಲ್‌ನಲ್ಲಿ ರೆಸ್ಯೂಮ್=ನನ್ ಅಂತ ಒಂದೇ ಸಾಲು ಇರಲಿ. ಫೈಲ್ ಇಲ್ಲದಿದ್ದರೆ ಹೊಸದಾಗಿ ಮಾಡಿ. ಒಳಗಿನ ಸಾಲಲ್ಲಿ ರೆಸ್ಯೂಮ್ ದೊಡ್ಡಕ್ಷರ, ನನ್ ಸಣ್ಣಕ್ಷರ. ಕೊನೆಗೆ:

ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು

ವಿಂಡೋಸ್ ಕಡೆ ಅಡ್ಮಿನ್ ಪ್ರಾಂಪ್ಟ್‌ನಲ್ಲಿ "ಚೆಕ್‌ಡಿಸ್ಕ್ ಡಿ: /ಎಫ್" (ಟೈಪ್ ಮಾಡುವಾಗ ಸಿಎಚ್‌ಕೆಡಿಎಸ್‌ಕೆ), ಆಮೇಲೆ "ಪವರ್‌ಸಿಎಫ್‌ಜಿ /ಎಚ್ ಆಫ್". ಎರಡನೇದು ಫಾಸ್ಟ್ ಸ್ಟಾರ್ಟಪ್ ಮತ್ತು ಹೈಬರ್ನೇಟ್ ಎರಡನ್ನೂ ತೆಗೆಯುತ್ತೆ, ಸಿ ಡ್ರೈವ್‌ನಲ್ಲಿ ಕೆಲವು ಜಿಬಿ ಖಾಲಿಯೂ ಆಗುತ್ತೆ. ಹೈಬರ್ನೇಟ್ ಬೇಕು ಅಂದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ಒಂದನ್ನೇ ತೆಗೀರಿ.

ತಿಪಟೂರು_ತೆಂಗು:

ಇಷ್ಟೆಲ್ಲಾ ಯಾಕೆ ಗುರು, ಲೈವ್ ಪೆನ್‌ಡ್ರೈವ್ ಹಾಕಿ ಬೂಟ್-ರಿಪೇರ್ ಓಡಿಸಿದರೆ ಒಂದೇ ಬಟನ್. ಮತ್ತೆ ಮುಂದಿನ ಸಲ ಮಿಂಟ್ ಹಾಕುವಾಗ ಗ್ರಬ್-ಇನ್‌ಸ್ಟಾಲ್‌ಗೆ --ಬೂಟ್‌ಲೋಡರ್-ಐಡಿ=ಮಿಂಟ್ ಕೊಟ್ಟರೆ ಬೇರೆ ಫೋಲ್ಡರ್ ಆಗುತ್ತೆ, ಜಗಳವೇ ಇರಲ್ಲ.

ಇನ್ನೊಂದು, ಅಪ್‌ಡೇಟ್-ಗ್ರಬ್ ಆದ ಮೇಲೂ ಮೆನುವಿನಲ್ಲಿ ವಿಂಡೋಸ್ ಕಾಣದೇ ಇರಬಹುದು. 2021ರಲ್ಲಿ ಬಂದ ಗ್ರಬ್ 2.06ರಿಂದ ಓಎಸ್-ಪ್ರೋಬರ್ (ಬೇರೆ ಸಿಸ್ಟಮ್ ಹುಡುಕಿ ಮೆನುಗೆ ಸೇರಿಸೋದು) ಮೊದಲೇ ಆಫ್. /ಇಟಿಸಿ/ಡಿಫಾಲ್ಟ್/ಗ್ರಬ್ ತೆಗೆದು ಇದನ್ನ ಸೇರಿಸಿ, ಫಾಲ್ಸ್ ಬಿಟ್ಟು ಎಲ್ಲಾ ದೊಡ್ಡಕ್ಷರ:

ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್

ಮೆನು ಕಾಣದೆ ನೇರ ಉಬುಂಟುಗೆ ಹೋದರೆ ಅಲ್ಲೇ ಗ್ರಬ್_ಟೈಮ್‌ಔಟ್_ಸ್ಟೈಲ್=ಮೆನು (ಇಲ್ಲೂ ಕೊನೇ ಮೆನು ಮಾತ್ರ ಸಣ್ಣಕ್ಷರ), ಗ್ರಬ್_ಟೈಮ್‌ಔಟ್=10. ಉಳಿಸಿ ಮತ್ತೆ ಅಪ್‌ಡೇಟ್-ಗ್ರಬ್. "ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್" ಅಂತ ಸಾಲು ಬಂದರೆ ಆಯ್ತು.

ಕ್ಯಾತ್ಸಂದ್ರ_ಲಿನಕ್ಸ್:

ಓಎಸ್-ಪ್ರೋಬರ್ ಮಾತು ಸರಿ, ನಾನು ಬಿಟ್ಟಿದ್ದನ್ನ ಹೇಳಿದಿರಿ.

ಬೂಟ್-ರಿಪೇರ್ ಕೆಟ್ಟದ್ದಲ್ಲ. ಆದರೆ ಪೆನ್‌ಡ್ರೈವ್ ಲೆಗಸಿ (ಹಳೇ ಬಯಾಸ್) ಮೋಡ್‌ನಲ್ಲಿ ಬೂಟ್ ಆಗಿದ್ದರೆ ಯುಇಎಫ್‌ಐ ಪಟ್ಟಿ ಅದರ ಕೈಗೆ ಸಿಗಲ್ಲ. ಓಡಿಸೋ ಮೊದಲು /ಸಿಸ್/ಫರ್ಮ್‌ವೇರ್/ಇಎಫ್‌ಐ ಫೋಲ್ಡರ್ ಇದೆಯಾ ನೋಡಬೇಕು. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ಮತ್ತೆ ಇಲ್ಲಿ ಎಫ್‌ಎಸ್‌ಟ್ಯಾಬ್‌ನ ಸ್ವಾಪ್, ಡಿ ಡ್ರೈವ್ ವಿಷಯ ಆ ಬಟನ್‌ಗೆ ಗೊತ್ತಾಗ್ತಿರಲಿಲ್ಲ.

ಬೂಟ್‌ಲೋಡರ್-ಐಡಿ ಸಲಹೆ ಮಾತ್ರ ಈ ಜೋಡಿಗೆ ನಡೆಯಲ್ಲ. ಸೆಕ್ಯೂರ್ ಬೂಟ್‌ಗೆ ಅಂತ ಸಹಿ ಮಾಡಿದ ಉಬುಂಟುವಿನ ಗ್ರಬ್ ಫೈಲ್ ಒಳಗೇ /ಇಎಫ್‌ಐ/ಉಬುಂಟು ಅನ್ನೋ ದಾರಿ ಅಚ್ಚಾಗಿದೆ. ಮಿಂಟ್ ಬಳಸೋದೂ ಅದೇ ಸಹಿಯ ಫೈಲ್. ಫೋಲ್ಡರ್ ಹೆಸರು ಮಿಂಟ್ ಅಂತ ಮಾಡಿದರೂ ಅದು ಚೀಟಿ ಹುಡುಕೋದು ಉಬುಂಟು ಫೋಲ್ಡರ್‌ನಲ್ಲೇ. ಸಹಿ ಇಲ್ಲದ ಗ್ರಬ್ ಹಾಕಿದರೆ ಸರಿಹೋಗುತ್ತೆ, ಆದರೆ ಸೆಕ್ಯೂರ್ ಬೂಟ್ ಆಫ್ ಮಾಡಬೇಕು, ಬಿಟ್‌ಲಾಕರ್ ಇರೋ ಯಂತ್ರದಲ್ಲಿ ಆ ಗೋಜು ಬೇಡ. ಉಬುಂಟು ಮನೆತನದ ಎರಡು ಲಿನಕ್ಸ್ ಒಂದೇ ಡಿಸ್ಕ್‌ನಲ್ಲಿದ್ದರೆ ಕೊನೆಗೆ ಯಾವುದು ಗ್ರಬ್-ಇನ್‌ಸ್ಟಾಲ್ ಮಾಡಿತೋ ಅದೇ ಯಜಮಾನ. ಯಾವುದು ಉಳೀಬೇಕೋ ಅದರೊಳಗಿಂದ ಗ್ರಬ್-ಇನ್‌ಸ್ಟಾಲ್ ಮಾಡಿ, ಒಂದು ಸಲ ರೀಬೂಟ್ ಮಾಡಿ ನೋಡಿ, ಆಮೇಲೆ ಇನ್ನೊಂದನ್ನ ಅಳಿಸಬೇಕು. ಫೆಡೋರಾ ಥರದ್ದಕ್ಕೆ ಈ ತಾಪತ್ರಯ ಇಲ್ಲ, ಅದರ ಫೋಲ್ಡರ್ ಬೇರೆ.

ಶಿರಾಗೇಟ್_ವಾಸಿ:

ಆಯ್ತು ಸರ್, ಉಬುಂಟು ಬಂತು, ಪ್ರಾಜೆಕ್ಟ್ ಕಾಪಿ ಆಯ್ತು. ರೀಬೂಟ್ ಮಾಡಿದರೆ ಮೆನುವಿನಲ್ಲಿ ಎರಡೂ ಇವೆ, ಕಾಯುವಿಕೆ ಇಲ್ಲ. ಎರಡು ಸಣ್ಣ ವಿಷಯ: ಗ್ರಬ್ ಮೆನುವಿನಿಂದ ವಿಂಡೋಸ್ ಆರಿಸಿದರೆ ಬಿಟ್‌ಲಾಕರ್ ಕೀ ಕೇಳ್ತಿದೆ, ಬೂಟ್ ಮೆನು ಕೀಯಿಂದ ಹೋದರೆ ಕೇಳಲ್ಲ. ಮತ್ತೆ ಉಬುಂಟುವಿನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತೆ.

ಮಧುಗಿರಿ_ಏಕಶಿಲೆ:

ಕೀ ಕೇಳುವುದು ನಿರೀಕ್ಷಿತವೇ. ವಿಂಡೋಸ್ ನೇರವಾಗಿ ಬೂಟ್ ಆದಾಗ ಟಿಪಿಎಂನಲ್ಲಿ ದಾಖಲಾಗುವ ಅಳತೆಯೇ ಬೇರೆ, ನಡುವೆ ಶಿಮ್ ಮತ್ತು ಗ್ರಬ್ ಬಂದಾಗ ದಾಖಲಾಗುವುದೇ ಬೇರೆ. ಅಳತೆ ಹೊಂದದಿದ್ದರೆ ಬಿಟ್‌ಲಾಕರ್ ಅನುಮಾನಪಡುತ್ತದೆ. ಬಿಟ್‌ಲಾಕರ್ ಇಟ್ಟುಕೊಳ್ಳುವುದಾದರೆ ವಿಂಡೋಸ್‌ಗೆ ಫರ್ಮ್‌ವೇರ್‌ನ ಬೂಟ್ ಮೆನುವಿನಿಂದಲೇ ಹೋಗಿ. ಎಚ್‌ಪಿಯಲ್ಲಿ ಎಫ್9, ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12. ಏಸರ್‌ನಲ್ಲಿಯೂ ಎಫ್12, ಆದರೆ ಬಯಾಸ್‌ನಲ್ಲಿ ಅದನ್ನು ಮೊದಲು ಎನೇಬಲ್ ಮಾಡಬೇಕಾಗಬಹುದು. ಉಬುಂಟು ಒಳಗಿದ್ದಾಗ ಇನ್ನೂ ಸುಲಭ. ಬೂಟ್ ಪಟ್ಟಿ ನೋಡಿ:

ಇಎಫ್‌ಐಬೂಟ್‌ಎಂಜಿಆರ್

ವಿಂಡೋಸ್ ಬೂಟ್ ಮ್ಯಾನೇಜರ್ ಎದುರು ಬೂಟ್0000 ಎಂದಿದ್ದರೆ:

ಸುಡೋ ಇಎಫ್‌ಐಬೂಟ್‌ಎಂಜಿಆರ್ -ಎನ್ 0000

ಎನ್ ಸಣ್ಣಕ್ಷರ. ರೀಬೂಟ್ ಮಾಡಿದರೆ ಒಂದು ಸಲಕ್ಕೆ ಮಾತ್ರ ಗ್ರಬ್ ಬಿಟ್ಟು ನೇರ ವಿಂಡೋಸ್‌ಗೆ ಹೋಗುತ್ತದೆ, ಕೀ ಕೇಳುವುದಿಲ್ಲ. ಅದರ ನಂತರ ಮತ್ತೆ ಉಬುಂಟುವೇ ಮೊದಲು.

ಗಡಿಯಾರ: ಮದರ್‌ಬೋರ್ಡಿನ ಗಡಿಯಾರದಲ್ಲಿ ಉಬುಂಟು ಯುಟಿಸಿ (ಜಾಗತಿಕ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಐದೂವರೆ ಗಂಟೆ ವ್ಯತ್ಯಾಸ ಅಲ್ಲಿಂದ ಬಂದದ್ದು. ಉಬುಂಟುವಿನಲ್ಲಿ:

ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1

ಉಬುಂಟು ಇದಕ್ಕೆ ಒಂದು ಎಚ್ಚರಿಕೆ ತೋರಿಸುತ್ತದೆ. ಬೇಸಿಗೆಯಲ್ಲಿ ಗಡಿಯಾರ ಮುಂದೂಡುವ ದೇಶಗಳಲ್ಲಿ ಅದು ತೊಂದರೆ, ನಮ್ಮಲ್ಲಿ ಆ ಪದ್ಧತಿ ಇಲ್ಲದ್ದರಿಂದ ಬಿಟ್ಟುಬಿಡಿ. ವ್ಯತ್ಯಾಸ ಐದೂವರೆ ಗಂಟೆಯಲ್ಲದೆ ವರ್ಷಗಟ್ಟಲೆ ಹಿಂದೆ ಹೋಗುತ್ತಿದ್ದರೆ ಮಾತ್ರ ಬಯಾಸ್ ಬ್ಯಾಟರಿ ನೋಡಿ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032, 3 ವೋಲ್ಟ್, ವಾಚ್ ಅಂಗಡಿಗಳಲ್ಲೂ ಸಿಗುತ್ತದೆ. ಬದಲಿಸುವ ಮೊದಲು ಬಯಾಸ್‌ನಲ್ಲಿ ಸ್ಟೋರೇಜ್ ಮೋಡ್ ಎಎಚ್‌ಸಿಐ ಇದೆಯೋ ರೇಡ್ ಇದೆಯೋ ಬರೆದಿಟ್ಟುಕೊಳ್ಳಿ. ಬ್ಯಾಟರಿ ತೆಗೆದಾಗ ಅದು ಮೊದಲಿನ ಸ್ಥಿತಿಗೆ ಮರಳಿ, ಎರಡರಲ್ಲಿ ಒಂದು ವ್ಯವಸ್ಥೆಗೆ ಡಿಸ್ಕ್ ಕಾಣದೇ ಹೋಗಬಹುದು.